ಸಿಸ್ಟರ್ ಊಟ ಮಾಡಿದ ದಿನ

ಆ ದಿನ ಮೂರನೇ ಮಹಡಿಯ ಸಿಸ್ಟರ್ ಊಟ ಮಾಡಿದಳು. ತಾಪತ್ರಯವೆಲ್ಲ ಅಲ್ಲಿಂದಲೇ ಶುರುವಾಯಿತು.

ಅದಕ್ಕೆ ಹಿಂದಿನ ಎಂಟು ತಿಂಗಳು ಡ್ಯೂಟಿಯಲ್ಲಿ ಅವಳು ನೆಟ್ಟಗೆ ಕೂತು ಉಂಡವಳೇ ಅಲ್ಲ. ಗಂಡಸರ ವಾರ್ಡು, ಇಪ್ಪತ್ತೆಂಟು ಮಂಚ, ಇರಬೇಕಾದದ್ದು ಇಬ್ಬರು ನರ್ಸುಗಳು. ಜೊತೆಯವಳು ಕೆಲಸ ಬಿಟ್ಟು ಗಂಡನ ಊರಿಗೆ ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಊಟಕ್ಕೆ ಅರ್ಧ ಗಂಟೆ ವಿರಾಮ ಉಂಟು ಎಂಬುದು ಆಸ್ಪತ್ರೆಯ ನಿಯಮ. ಆ ಅರ್ಧ ಗಂಟೆಗೆ ಸಂಬಳವಿಲ್ಲ ಎಂಬುದೂ ನಿಯಮ. ವಿರಾಮ ಸಿಕ್ಕರೂ ಸಿಗದಿದ್ದರೂ ಸಂಬಳದ ಯಂತ್ರ ಮಾತ್ರ ದಿನಕ್ಕೆ ಅರ್ಧ ಗಂಟೆಯನ್ನು ತಪ್ಪದೆ ಕತ್ತರಿಸಿಕೊಳ್ಳುತ್ತಿತ್ತು. ಹೊಟ್ಟೆಗೆ ಬೀಳದ ಊಟಕ್ಕೆ ಅವಳು ದಿನಾ ದುಡ್ಡು ಕೊಡುತ್ತಿದ್ದಳು.

ಆ ದಿನ ಬೆಳಗ್ಗೆ ಮನೆಯಲ್ಲಿ ಅತ್ತೆ ಊಟದ ಡಬ್ಬಿಯನ್ನು ಅವಳ ಮುಂದೆ ಕುಕ್ಕಿದರು.

"ನನ್ನ ಕೈಯಡಿಗೆ ಸೇರದೆ ಇದ್ರೆ ಬಾಯಿಬಿಟ್ಟು ಹೇಳ್ಬೇಕು. ದಿನಾ ಕೊಟ್ಟದ್ದು ಕೊಟ್ಟ ಹಾಗೇ ವಾಪಸ್ ಬಂದ್ರೆ ನಾನೇನು ತಿಳ್ಕೊಳ್ಳಲಿ?"

"ಮುಚ್ಚಳ ತೆಗೆದ್ರೆ ತಾನೆ ಅತ್ತೆ, ರುಚಿ ಗೊತ್ತಾಗೋದು."

"ಸಂಬಳದ ಚೀಟೀಲಿ ದಿನಾ ಊಟಕ್ಕೆ ಹೋಗಿದ್ದಾಳೆ ಅಂತ ಇದೆಯಂತೆ. ನಿನ್ನ ಗಂಡನೇ ಓದಿ ಹೇಳಿದ. ಎಲ್ಲಿಗೆ ಹೋಗಿ ಉಣ್ತೀಯ, ಅದನ್ನಾದ್ರೂ ಹೇಳು ತಾಯಿ."

ಇದಕ್ಕೆ ಉತ್ತರ ಕೊಡುತ್ತ ನಿಂತರೆ ಬಸ್ಸು ತಪ್ಪುತ್ತದೆ. ಸಿಸ್ಟರ್ ಡಬ್ಬಿ ಎತ್ತಿಕೊಂಡು ಓಡಿದಳು. ದಾರಿಯುದ್ದಕ್ಕೂ ಒಂದೇ ನಿರ್ಧಾರ: ಇವತ್ತು ಇತ್ಯರ್ಥವಾಗಬೇಕು. ಒಂದೋ ದುಡ್ಡು, ಇಲ್ಲವೋ ಊಟ.

ಆಸ್ಪತ್ರೆಗೆ ಬಂದವಳು ಮೊದಲು ಸಂಬಳದ ಗುಮಾಸ್ತನ ಕಿಟಕಿಗೆ ಹೋದಳು. ಅವನು ಕಿಟಕಿಯ ಆಚೆ ಕೂತು ಆಗಲೇ ಏನೋ ಅಗಿಯುತ್ತಿದ್ದ.

"ಸಿಸ್ಟರ್, ಕಡಿತ ನಾನು ಮಾಡೋದಲ್ಲ, ಯಂತ್ರ ಮಾಡೋದು. ನೀವು ಊಟ ಮಾಡಿದ್ದೀರಿ ಅನ್ನೋದು ಯಂತ್ರದ ನಂಬಿಕೆ."

"ಆ ನಂಬಿಕೆ ನನ್ನ ಹೊಟ್ಟೆಗೆ ಬರ್ತಾ ಇಲ್ಲವಲ್ಲ. ಇನ್ನೊಬ್ಬ ನರ್ಸ್ ಕೊಡಿ, ಕಡಿದ ದುಡ್ಡು ವಾಪಸ್ ಕೊಡಿ ಅಂತ ಅರ್ಜಿ ಹಾಕಿ ಆರು ತಿಂಗಳಾಯ್ತು. ಅದೇನಾಯ್ತು?"

"ಮೇಲಿನ ಕಚೇರೀಲಿದೆ. ಯಾರಾದ್ರೂ ಬಂದು ನೋಡ್ತಾರೆ."

"ಯಾವಾಗ?"

"ಅರ್ಜಿಗೂ ಊಟದ ವಿರಾಮ ಅಂತ ಇರುತ್ತಲ್ಲ ಸಿಸ್ಟರ್," ಎಂದು ಅವನು ತನ್ನ ಮಾತಿಗೆ ತಾನೇ ನಕ್ಕು ಬಾಯಿ ಒರೆಸಿಕೊಂಡ.

ದುಡ್ಡಿನ ಬಾಗಿಲು ಮುಚ್ಚಿತು. ಇನ್ನು ಉಳಿದದ್ದು ಊಟ.

ಹನ್ನೆರಡಕ್ಕೆ ಡಬ್ಬಿಯ ಮೇಲೆ ಕೈಯಿಟ್ಟಳು. ಹದಿನೇಳನೇ ಮಂಚದ ಕರೆಗಂಟೆ ಬಡಿಯಿತು. ಹೋಗಿ ನೋಡಿದರೆ, ದಿಂಬು ಜಾರಿದೆ. ಹನ್ನೆರಡೂ ಕಾಲಿಗೆ ಮತ್ತೆ ಕೈಯಿಟ್ಟಳು. ಡಾಕ್ಟರು ಬಂದರು, ಅವರ ಹಿಂದೆ, ಕೋಳಿಯ ಹಿಂದೆ ಮರಿಗಳಂತೆ, ಆರು ಜನ ವಿದ್ಯಾರ್ಥಿಗಳು. ಅವರು ಹೋಗುವಷ್ಟರಲ್ಲಿ ಹನ್ನೆರಡೂ ಮುಕ್ಕಾಲು. ಆ ಹೊತ್ತಿಗೆ ಮೇಟ್ರನ್ ಬಾಗಿಲಲ್ಲಿ ಕಾಣಿಸಿಕೊಂಡರು. ಸಿಸ್ಟರ್ ಧೈರ್ಯ ಮಾಡಿ, "ಮೇಡಂ, ಅರ್ಧ ಗಂಟೆ ಯಾರನ್ನಾದ್ರೂ ಕಳಿಸ್ತೀರಾ?" ಎಂದಳು.

"ಯಾರನ್ನ ಅಂತ ಕಳಿಸ್ಲಮ್ಮ, ನನ್ನನ್ನೇ ಕಳಿಸ್ಲಾ? ನೋಡು, ನರ್ಸ್ ಆದವಳು ಹೊತ್ತಿಗೆ ಸರಿಯಾಗಿ ಊಟ ಮಾಡ್ಲೇಬೇಕು ಅಂತ ರೂಲ್ ಇದೆ. ಒಬ್ಬಳೇ ಇದ್ದಾಗ ವಾರ್ಡ್ ಬಿಟ್ಟು ಹೋಗಬಾರದು ಅಂತಾನೂ ರೂಲ್ ಇದೆ. ಎರಡನ್ನೂ ಪಾಲಿಸು."

ಮೇಟ್ರನ್ ಹೋದ ಮೇಲೆ ಸಿಸ್ಟರ್ ನಾಲ್ಕನೇ ಮಂಚದ ಬಸ್ ಡ್ರೈವರನಿಗೆ ಸೂಜಿ ಚುಚ್ಚಲು ಹೋದಳು. ಹರ್ನಿಯಾ ಆಪರೇಷನ್ ಆಗಿ ಐದನೇ ದಿನ; ಅವನು ಆಗಲೇ ಎದ್ದು ಇಡೀ ವಾರ್ಡಿನ ಪಂಚಾಯಿತಿ ಮಾಡುತ್ತ ಓಡಾಡುತ್ತಿದ್ದ. ಸೂಜಿಯ ತುದಿಯನ್ನೇ ನೋಡುತ್ತ ಅವನು ತೋಳು ಹಿಂದಕ್ಕೆ ಎಳೆದುಕೊಂಡ.

"ಸಿಸ್ಟರ್, ನಿಮ್ಮ ಕೈ ನಡುಗ್ತಾ ಇದೆ. ಇಂಥಾ ಬಸ್ಸನ್ನ ನಾನು ಡಿಪೋ ಬಿಟ್ಟು ಹೊರಗೇ ತೆಗೆಯಲ್ಲ. ಊಟ ಆಯ್ತಾ?"

ಸಿಸ್ಟರ್ ಇಲ್ಲವೆಂದು ತಲೆಯಾಡಿಸಿದಳು. ಅಷ್ಟೇ ಸಾಕಾಯಿತು. ಡ್ರೈವರು ಹೊಟ್ಟೆ ಹಿಡಿದುಕೊಂಡು ವಾರ್ಡಿನ ನಟ್ಟ ನಡುವೆ ಬಂದು ನಿಂತ.

"ಎಲ್ರೂ ಕೇಳಿ. ಒಂದರಿಂದ ಒಂದೂವರೆವರೆಗೆ ಸಿಸ್ಟರ್ ಊಟಕ್ಕೆ ಹೋಗ್ತಾರೆ. ಯಾರೂ ಬೆಲ್ ಒತ್ತಬಾರದು. ಸಾಯೋರಿದ್ರೂ ಒಂದೂವರೆ ಆದ ಮೇಲೆ."

"ಹಾಗೆಲ್ಲ ಹೇಳ್ಬೇಡಿ," ಎಂದಳು ಸಿಸ್ಟರ್ ಗಾಬರಿಯಿಂದ. "ಎದೆ ನೋವು, ಉಸಿರಾಟದ ತೊಂದರೆ, ರಕ್ತ, ಏನೇ ಆದ್ರೂ ತಕ್ಷಣ ಕೂಗಿ. ನಾನು ಪಕ್ಕದ ಬಟ್ಟೆ ಕೋಣೇಲೇ ಇರ್ತೀನಿ. ಮೇಷ್ಟ್ರೇ, ನಿಮಗೆ ಒಂದು ಗಂಟೆಗೆ ನೋವಿನ ಇಂಜೆಕ್ಷನ್ ಇದೆ, ಅದೊಂದು ಕೊಟ್ಟು ಹೋಗ್ತೀನಿ."

ಹನ್ನೊಂದನೇ ಮಂಚದ ಮೇಷ್ಟ್ರು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. "ಅದನ್ನ ಆಮೇಲೆ ಕೊಡಮ್ಮ, ಮೊದಲು ಉಂಡು ಬಾ," ಎಂದರು. "ನಲವತ್ತು ವರ್ಷ ಊರ ಮಕ್ಕಳನ್ನೆಲ್ಲ ತಡ್ಕೊಂಡಿದ್ದೀನಿ. ಅರ್ಧ ಗಂಟೆ ನನ್ನ ಸೊಂಟಾನ ನಾನು ತಡ್ಕೊಳ್ಳಲ್ವಾ?"

ಡ್ರೈವರು ಕೆಲಸ ಹಂಚಿದ. ಓಡಾಡಬಲ್ಲವರು ಓಡಾಡಲಾರದವರಿಗೆ ನೀರು ಕೊಡಬೇಕು. ರೋಗಿಗಳ ಹೆಂಡತಿಯರು ಸಾಲಿಗೊಬ್ಬರಂತೆ ಕಾವಲು. ಅಷ್ಟರಲ್ಲಿ ಅವನ ಕಣ್ಣು ಬಾಗಿಲ ಬಳಿಯ ಸ್ಟೂಲಿನ ಮೇಲೆ ಮುದುಡಿ ಕೂತಿದ್ದ ಕನ್ನಡಕದ ಮನುಷ್ಯನ ಮೇಲೆ ಬಿತ್ತು. ಕೈಯಲ್ಲಿ ಚೀಲ, ಮುಖದಲ್ಲಿ ಸಂಕೋಚ. ಒಂಬತ್ತನೇ ಮಂಚದ ಅಜ್ಜ ಮೂರು ದಿನದಿಂದ ಅಳಿಯ ಬರುತ್ತಾನೆ, ಅಳಿಯ ಬರುತ್ತಾನೆ ಎಂದು ಜಪಿಸುತ್ತಿದ್ದದ್ದು ವಾರ್ಡಿಗೆಲ್ಲ ಗೊತ್ತು.

"ಅಳಿಯಂದಿರು ಬಂದ್ರಾ? ಬನ್ನಿ ಬನ್ನಿ. ಮಾವನ ಡ್ರಿಪ್ ಬಾಟ್ಲಿ ನೀವು ನೋಡ್ಕೊಳ್ಳಿ. ನೀರು ಈ ಗೆರೆಗೆ ಇಳಿದ್ರೆ ನನಗೆ ಹೇಳಿ."

"ಇಲ್ಲ, ನಾನು ಅಸಲಿಗೆ..."

"ಅಸಲು ಬಡ್ಡಿ ಎಲ್ಲ ಆಮೇಲೆ. ಮೊದಲು ಬಾಟ್ಲಿ."

ಅಜ್ಜನಿಗೆ ಕಿವಿಯೂ ಮಂದ, ಕಣ್ಣೂ ಮಂದ. "ಕೊನೆಗೂ ಬಂದ್ರಾ ಅಳಿಯಂದ್ರೇ," ಎಂದು ಆ ಮನುಷ್ಯನ ಕೈ ಹಿಡಿದುಕೊಂಡವನು ಮತ್ತೆ ಬಿಡಲಿಲ್ಲ.

ಬಟ್ಟೆ ಕೋಣೆಯಲ್ಲಿ ಮಡಿಸಿಟ್ಟ ಹೊದಿಕೆಗಳ ನಡುವೆ ಕೂತು ಸಿಸ್ಟರ್ ಡಬ್ಬಿ ತೆರೆದಳು. ಮೊದಲ ತುತ್ತು ಕಲಸುವಾಗಲೂ ಕಿವಿ ವಾರ್ಡಿನಲ್ಲೇ ಇತ್ತು. ಗಂಟೆಯಿಲ್ಲ, ನರಳಾಟವಿಲ್ಲ, ಕೆಮ್ಮನ್ನೂ ಯಾರೋ ಹೊದಿಕೆಯೊಳಗೆ ಕೆಮ್ಮಿದಂತೆ ಕೇಳಿಸಿತು. ಎಂಟು ವರ್ಷದ ನೌಕರಿಯಲ್ಲಿ ಅಂಥ ನಿಶ್ಶಬ್ದವನ್ನು ಅವಳು ಶವಾಗಾರದ ಹೊರತು ಬೇರೆಲ್ಲೂ ಕೇಳಿರಲಿಲ್ಲ. ಎರಡು ಸಲ ಎದ್ದು ಬಾಗಿಲಿಗೆ ಬಂದಳು. ಎರಡು ಸಲವೂ ಡ್ರೈವರು ಸಿಗ್ನಲ್ಲಿನಲ್ಲಿ ವಾಹನ ನಿಲ್ಲಿಸುವಂತೆ ಕೈ ಅಡ್ಡ ಹಿಡಿದು ವಾಪಸ್ ಕಳಿಸಿದ. ಮೂರನೆಯ ಸಲ ಕೂತವಳಿಗೆ ಹಸಿವು ನೆನಪಾಯಿತು. ಅತ್ತೆಯ ಅಡಿಗೆಯಲ್ಲಿ ಉಪ್ಪು ಒಂದು ಕೈ ಜಾಸ್ತಿಯೇ. ಅವಳು ಡಬ್ಬಿಯ ತಳ ಬಳಿದು ತಿಂದಳು.

ಒಂದು ಇಪ್ಪತ್ತೆಂಟಕ್ಕೆ ಒಳಗೆ ಬಂದಾಗ ವಾರ್ಡು ಇಸ್ತ್ರಿ ಮಾಡಿದ ಹಾಗಿತ್ತು. ಮೇಷ್ಟ್ರ ಮುಖ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೈಮೇಲಿನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅವರಿಗೆ ಇಂಜೆಕ್ಷನ್ ಕೊಟ್ಟಳು. ತುಟಿ ಕಚ್ಚಿಕೊಂಡು ಬಿದ್ದುಕೊಂಡಿದ್ದ ಆರು ಜನರಿಗೆ ಒಬ್ಬೊಬ್ಬರಾಗಿ ಮೂತ್ರದ ಪಾತ್ರೆ ಹಿಡಿದಳು. ಒಂಬತ್ತನೇ ಮಂಚದ ಅಳಿಯ ಮಾವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಮೂರು ಗಂಟೆಗೆ ಮೇಟ್ರನ್ ಕೋಣೆಯಿಂದ ಕರೆ ಬಂತು. ಸಿಸ್ಟರ್ ಹೋಗಿ ನೋಡುತ್ತಾಳೆ, ಅಳಿಯ ಅಲ್ಲಿ ಕುರ್ಚಿಯ ಮೇಲೆ ಕೂತು ಟೀ ಕುಡಿಯುತ್ತಿದ್ದಾನೆ.

"ಇವರು ಮೇಲಿನ ಕಚೇರಿಯವರು," ಎಂದರು ಮೇಟ್ರನ್. "ಯಾವ ವಾರ್ಡಿಗೆ ಎಷ್ಟು ಜನ ಬೇಕು ಅಂತ ಅಳೆಯೋರು. ನಿನ್ನ ಅರ್ಜಿ ನೋಡಿಯೇ ಬಂದಿದ್ದಾರೆ."

ಕನ್ನಡಕದ ಅಧಿಕಾರಿ ಬಹಳ ಮರ್ಯಾದಸ್ಥ. ಎದ್ದು ನಿಂತು ನಮಸ್ಕಾರ ಮಾಡಿದ.

"ಇಂಥಾ ಅಚ್ಚುಕಟ್ಟಾದ ವಾರ್ಡ್ ನಾನೆಲ್ಲೂ ಕಂಡಿಲ್ಲ ಸಿಸ್ಟರ್. ಇಪ್ಪತ್ತೆಂಟು ನಿಮಿಷ ನರ್ಸೇ ಇರಲಿಲ್ಲ. ಕರೆಗಂಟೆ, ಸೊನ್ನೆ. ದೂರು, ಸೊನ್ನೆ. ನೋವು ಅಂದವರು, ಸೊನ್ನೆ. ಒಂದು ಡ್ರಿಪ್ ನಾನೇ ನೋಡ್ಕೊಂಡೆ, ಏನೂ ಕಷ್ಟ ಆಗಲಿಲ್ಲ. ಒಬ್ಬರೂ ಇಲ್ಲದೆ ನಡೆಯೋ ಕಡೆಗೆ ಇಬ್ಬರು ಬೇಕು ಅಂತ ನಾನು ಯಾವ ಬಾಯಲ್ಲಿ ಬರೀಲಿ, ನೀವೇ ಹೇಳಿ."

"ಸಾರ್, ಅವರೆಲ್ಲ ತಡ್ಕೊಂಡಿದ್ರು. ನನಗೋಸ್ಕರ ತಡ್ಕೊಂಡಿದ್ರು."

ಅಧಿಕಾರಿ ತನ್ನ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಪ್ರಾಮಾಣಿಕವಾಗಿ ಹುಡುಕಿದ. "ತಡ್ಕೊಂಡಿದ್ರು ಅನ್ನೋದಕ್ಕೆ ಇದರಲ್ಲಿ ಕಾಲಂ ಇಲ್ಲವಲ್ಲ," ಎಂದ.

"ಹೋಗ್ಲಿ, ಎಂಟು ತಿಂಗಳು ಕಡಿದ ದುಡ್ಡು?"

"ಊಟಕ್ಕೆ ಪುರಸೊತ್ತೇ ಸಿಗಲ್ಲ ಅಂತ ಬರೆದಿದ್ದೀರಿ. ಇವತ್ತು ನೀವು ಉಂಡಿದ್ದನ್ನ ನಾನೇ ಕಣ್ಣಾರೆ ನೋಡಿದೆ. ಎರಡು ಸಲ ಎದ್ದು ಬಂದು ಮತ್ತೆ ಹೋಗಿ ಉಂಡ್ರಿ. ಸುಳ್ಳು ಬರೆಯೋದು ನನ್ನ ಜಾಯಮಾನದಲ್ಲಿಲ್ಲ ಸಿಸ್ಟರ್."

ಅವನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎರಡನೇ ನರ್ಸಿನ ಹುದ್ದೆ ರದ್ದು. ಹಳೆಯ ಕಡಿತದ ಅರ್ಜಿ ವಜಾ. ಈ ವಾರ್ಡಿನ ರೋಗಿಗಳು ಅಷ್ಟು ಹೊತ್ತು ತಮ್ಮಷ್ಟಕ್ಕೆ ತಾವಿರಬಲ್ಲರಾದ್ದರಿಂದ ನಾಳೆಯಿಂದ ಎರಡನೇ ಮಹಡಿಯ ಹೆಂಗಸರ ವಾರ್ಡೂ ಇದೇ ಸಿಸ್ಟರಿನ ಪಾಲಿಗೆ.

"ಎರಡೂ ರೂಲ್ ಪಾಲಿಸು ಅಂದಿದ್ದೆ," ಎಂದರು ಮೇಟ್ರನ್, ಅವಳ ಮುಖ ನೋಡದೆ. "ನೀನು ಒಂದನ್ನೇ ಪಾಲಿಸಿದೆ."

ಅಧಿಕಾರಿ ಬಾಗಿಲವರೆಗೆ ಹೋದವನು ತಿರುಗಿ, "ಒಂಬತ್ತನೇ ಮಂಚದ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ," ಎಂದ. ಅವನದು ನಿಜವಾಗಿಯೂ ಒಳ್ಳೆಯ ಮನಸ್ಸು.

ಸಂಜೆಯ ಔಷಧಿಯ ಗಾಡಿ ತಳ್ಳಿಕೊಂಡು ಸಿಸ್ಟರ್ ವಾರ್ಡಿಗೆ ಬಂದಾಗ ಎಲ್ಲರೂ ದಿಂಬಿಗೊರಗಿ ಅವಳನ್ನೇ ಕಾಯುತ್ತಿದ್ದರು.

"ಮೇಟ್ರನ್ ಕರೆಸಿದ್ರಂತೆ. ಏನ್ ಸಿಸ್ಟರ್, ಪ್ರಮೋಷನ್ನಾ?" ಎಂದ ಡ್ರೈವರು.

"ಹಾಗೇ ಅಂದ್ಕೊಳ್ಳಿ. ನಾಳೆಯಿಂದ ಎರಡನೇ ಮಹಡೀನೂ ನಂದೇ."

ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಡ್ರಿಪ್ ಹಾಕಿದ್ದವರು ಒಂದೇ ಕೈಯಲ್ಲಿ ಮಂಚ ಬಡಿದರು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು.

"ನೋಡಿದ್ಯಾ, ನಾವು ತಡ್ಕೊಂಡಿದ್ದು ಸಾರ್ಥಕ ಆಯ್ತು. ನಾಳೆ ಬೇಕಾದ್ರೆ ಒಂದು ಗಂಟೆ ತಡ್ಕೋತೀನಮ್ಮ, ನೀನು ನಿಧಾನವಾಗಿ ಉಂಡು ಬಾ."

ಸಿಸ್ಟರ್ ಅವರ ಕೈಗೆ ಮಾತ್ರೆ ಹಾಕಿ, ಬೆರಳುಗಳನ್ನು ಮಡಿಸಿ ಹಿಡಿದುಕೊಂಡಳು. "ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ನನಗೋಸ್ಕರ ಇನ್ನು ಏನನ್ನೂ ತಡ್ಕೋಬೇಡಿ. ನೋವಾದ್ರೆ ಕೂಗಿ. ಬಾಯಿ ಬಿದ್ದು ಹೋಗೋ ಹಾಗೆ ಕೂಗಿ."

ಮೇಷ್ಟ್ರು ಪಾಠ ಒಪ್ಪಿಕೊಂಡ ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು. ಆಮೇಲೆ ಏನೋ ಹೊಳೆದು ಕೇಳಿದರು:

"ಕೂಗ್ತೀನಮ್ಮ, ಅದಕ್ಕೇನು. ಆದ್ರೆ ಕೆಳಗಿನ ಮಹಡಿಗೆ ಕೇಳ್ಸುತ್ತಾ?"