ಅತ್ತೆಯ ಫೋಟೋ, ಫ್ರೇಮಯ್ಯನ ಪೇಟೆಂಟ್

ಮೂವತ್ತು ವರ್ಷ ಕಂಡವರ ಫೋಟೋಗಳಿಗೆಲ್ಲ ಕಟ್ಟು ಹಾಕಿ ಹಾಕಿ ಫ್ರೇಮಯ್ಯನ ತಲೆಯೂ ಚೌಕಟ್ಟಾಗಿಹೋಗಿದೆ ಎಂಬುದು ಅವನ ಹೆಂಡತಿಯ ದೂರು. ಆ ಚೌಕಟ್ಟಿನೊಳಗೆ ಒಂದು ದಿನ ಮಹಾ ಆವಿಷ್ಕಾರವೊಂದು ಬಂದು ಕೂತಿತು.

ಮರದ ಹಲಗೆಗೆ ಅಂಟು ಬಳಿದು, ಫೋಟೋದ ಪ್ರತಿಯನ್ನು ಬೋರಲಾಗಿ ಒತ್ತಿ, ಒಣಗಿದ ಮೇಲೆ ನೀರು ಹಚ್ಚಿ ಕಾಗದ ಉಜ್ಜಿ ತೆಗೆದರೆ ಚಿತ್ರ ಹಲಗೆಯಲ್ಲೇ ಉಳಿಯುತ್ತದೆ. ಇದು ಹಳೆಯ ಕೈಕೆಲಸ. ಫ್ರೇಮಯ್ಯ ಮಾಡಿದ್ದು ಇಷ್ಟೇ: ಹೇಗೆ ಮಾಡಬೇಕೆಂಬುದನ್ನು ಹಲಗೆಯ ಬೆನ್ನಿಗೇ ಅಚ್ಚು ಹಾಕಿಸಿದ. ಒಂದಲ್ಲ ಎರಡಲ್ಲ, ಮುನ್ನೂರು ಹಲಗೆ. ಮೇಲೊಂದು ಪೇಟೆಂಟ್ ಅರ್ಜಿ.

"ಇದರಲ್ಲಿ ಹೊಸದೇನಿದೆ ರೀ?"

"ನಿನಗೆ ಹೊಳೆದಿತ್ತೇನೇ?"

"ಉಪ್ಪಿನ ಡಬ್ಬಿ ಮೇಲೆ 'ಉಪ್ಪು' ಅಂತ ಬರೆದಿದ್ದೀನಿ. ನಾನೇನು ಅರ್ಜಿ ಹಾಕಿದ್ನಾ?"

ಕಚೇರಿಯ ಉತ್ತರವೂ ಬಂತು. ಹಲಗೆ ಹಳೆಯದು, ಅಂಟು ಹಳೆಯದು. ಸೂಚನೆ ಅಚ್ಚು ಹಾಕಿಸಿದ ಮಾತ್ರಕ್ಕೆ ವಸ್ತು ಹೊಸದಾಗದು. ಕಸುಬು ಬಲ್ಲ ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದು. (ಉಪ್ಪಿನ ಡಬ್ಬಿಯ ಪ್ರಸ್ತಾಪ ಮಾತ್ರ ಇರಲಿಲ್ಲ.) ಹೇಳುವುದಿದ್ದರೆ ಸೋಮವಾರ ವಿಚಾರಣೆಗೆ ಬರಬಹುದು.

ಅಧಿಕಾರಿಯ ಕಣ್ಣು ಕುಕ್ಕುವಂಥ ಮಾದರಿ ಬೇಕಿತ್ತು. ಪ್ರತಿ ತೆಗೆದರೆ ಮಂಕಾದೀತೆಂದು ಫ್ರೇಮಯ್ಯ ಗೋಡೆಯಿಂದ ಅತ್ತೆಯ ಫೋಟೋವನ್ನೇ ಇಳಿಸಿ ಕಟ್ಟು ಬಿಚ್ಚಿದ. ಹೋದ ವರ್ಷ ತೀರಿಕೊಂಡ ಆಕೆ ಜನ್ಮದಲ್ಲಿ ತೆಗೆಸಿಕೊಂಡಿದ್ದು ಅದೊಂದೇ ಫೋಟೋ. ಹೆಂಡತಿ ಹೊಲಿಗೆ ಕೆಲಸಕ್ಕೆ ಹೋಗಿದ್ದಳು.

ಹಲಗೆಗೆ ಒತ್ತಿ, ಒಣಗಿಸಿ, ನೀರು ಹಚ್ಚಿ ಉಜ್ಜಿದ. ಮೂಲ ಫೋಟೋದ ನುಣುಪು ಕಾಗದದ ಜೊತೆ ಚಿತ್ರವೂ ಸಿಪ್ಪೆಯ ಹಾಗೆ ಎದ್ದು ಬಂತು. ಹಣೆ ಹೋಯಿತು. ಗಾಬರಿಯಲ್ಲಿ ಇನ್ನಷ್ಟು ಉಜ್ಜಿದ. ಕಣ್ಣು, ಬಾಯಿ ಎಲ್ಲ ಹೋಯಿತು. ಮಡಿಲಲ್ಲಿದ್ದ ಎಡಗೈ ಮಾತ್ರ ಉಳಿಯಿತು.

ಸಂಜೆ ಹೆಂಡತಿ ಬಂದು ನೋಡಿದಳು. ಹಲಗೆ ತಿರುಗಿಸಿ ಸೂಚನೆಗಳನ್ನು ಒಂದೊಂದಾಗಿ ಓದಿದಳು.

"ಮೂಲ ಫೋಟೋ ಬಳಸಬಾರದು ಅಂತ ಎಲ್ಲಿದೆ?"

"ಅದು... ಯಾರಿಗಾದ್ರೂ ಗೊತ್ತಿರೋದೇ ಅಂತ ಬಿಟ್ಟೆ."

ಅವಳು ಹಲಗೆಯಲ್ಲಿ ಉಳಿದ ಅಮ್ಮನ ಆ ಕೈಯ ಮೇಲೆ ತನ್ನ ಕೈಯಿಟ್ಟು ದೀಪ ಹಾಕುವ ಹೊತ್ತಿನವರೆಗೂ ಕೂತಿದ್ದಳು.

ಫ್ರೇಮಯ್ಯ ವಿಚಾರಣೆಗೆ ಹೋಗಲಿಲ್ಲ. ಸೋಮವಾರ ಬೆಳಗ್ಗೆಯೇ ಹೆಂಡತಿ ಅವನ ಮುಂದೆ ಪೆನ್ನು ಇಟ್ಟಿದ್ದಳು. ಮುನ್ನೂರು ಹಲಗೆಯ ಮೇಲೂ 'ಮೂಲ ಫೋಟೋ ಬಳಸಬೇಡಿ' ಎಂದು ಕೈಯಾರೆ ಬರೆಯಬೇಕು. ಅಕ್ಷರ ಸೊಟ್ಟಗಾದರೆ ಅಳಿಸಿ ಮತ್ತೆ. ಮೂರನೆಯ ದಿನ ಬೆರಳು ಮರಗಟ್ಟಿ ಅವನು ಗೋಗರೆದ:

"ಇದನ್ನೆಲ್ಲ ಯಾರು ಓದ್ತಾರೇ?"

"ಓದಲಿ ಅಂತ ಬರೆಸ್ತಿಲ್ಲ ರೀ," ಎಂದಳು, ಮುಂದಿನ ಹಲಗೆ ಸರಿಸುತ್ತ. "ನೀವು ಬರೀಲಿ ಅಂತ."