ಕರಿಗಾಲೋ ಹಳದಿಗಾಲೋ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹಕ್ಕಿಯ ಕಾಲು. ಅದೂ ಎಂಥ ಹಕ್ಕಿ? ಮುಷ್ಟಿಯೊಳಗೆ ಮುಚ್ಚಿಡಬಹುದಾದಷ್ಟು ಪುಟ್ಟದು. ಬೂದು ಬೆನ್ನು, ಬಿಳಿ ಹೊಟ್ಟೆ, ಕೆಸರು ಕಂಡಲ್ಲೆಲ್ಲ ಕೊಕ್ಕು ಚುಚ್ಚುವ ಚಟ. ಕಾಲು ಹಳದಿಯಾಗಿದ್ದರೆ ಅದು ಹಳದಿಗಾಲಿನ ಗೊರವ. ಕಡಲಂಚಿನಲ್ಲಿ ರಾಶಿ ರಾಶಿ ಸಿಗುತ್ತದೆ, ನಾಯಿಯೂ ಮೂಸುವುದಿಲ್ಲ. ಕಾಲು ಕಪ್ಪಾಗಿದ್ದರೆ ಕರಿಗಾಲಿನ ಗೊರವ. ಅದನ್ನು ಕಂಡವನು ದೊಡ್ಡ ಮನುಷ್ಯ. ಮಿಕ್ಕಂತೆ ಎರಡಕ್ಕೂ ಏನು ವ್ಯತ್ಯಾಸ ಎಂಬುದು ಅವುಗಳನ್ನು ಹೆತ್ತ ತಾಯಿಗೂ ತಿಳಿಯಲಿಕ್ಕಿಲ್ಲ.

ಊರಿನ ಪಕ್ಷಿವೀಕ್ಷಕರ ಸಂಘದವರಿಗೆ ಮಾತ್ರ ಎಲ್ಲವೂ ತಿಳಿಯುತ್ತಿತ್ತು. ಭಾನುವಾರ ಬಂತೆಂದರೆ ಬೆಳಿಗ್ಗೆಯೇ ಹೊಳೆ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಬಂದು ನಿಲ್ಲುತ್ತಿದ್ದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ವಾರವಿಡೀ ಎದುರಿನವರ ಬಾಯಿಗೆ ಹತ್ತಿ ತುರುಕಿ ತಾವೊಬ್ಬರೇ ಮಾತಾಡಿ ಅಭ್ಯಾಸವಾಗಿದ್ದ ಅವರಿಗೆ ಎದುರುತ್ತರ ಎಂದರೆ ಏನೆಂದೇ ಗೊತ್ತಿರಲಿಲ್ಲ. ಇನ್ನೊಬ್ಬರು ನಿವೃತ್ತ ಹೆಡ್‌ಮಿಸ್. ಅವರ ಕಣ್ಣಿಗೆ ಹಕ್ಕಿಗಳೂ ಸೇರಿದಂತೆ ಲೋಕವೆಲ್ಲ ಫೇಲಾದ ಮಕ್ಕಳು. ಮತ್ತೊಬ್ಬ ಸಿಮೆಂಟ್ ಗೋದಾಮಿನ ಗುಮಾಸ್ತ. ಇವನೇ ನಮ್ಮ ಕಥಾನಾಯಕ, ಬೇರೆ ಯಾರೂ ಸಿಗಲಿಲ್ಲವಾದ್ದರಿಂದ. ಕೊನೆಯವನು ಗುಮಾಸ್ತನ ಹೆಂಡತಿಯ ತಮ್ಮ. ಇನ್ಶೂರೆನ್ಸ್ ಏಜೆಂಟ್, ಹೊಸದಾಗಿ ಸೇರಿದವನು.

ಸಂಘಕ್ಕೊಂದು ಪದ್ಧತಿಯಿತ್ತು. ಅಪರೂಪದ ಹಕ್ಕಿಯೊಂದನ್ನು ತಮ್ಮ ಹೆಸರಿಗೆ ಮಾಡಿಕೊಂಡವರು ಹಿರಿಯ ಸದಸ್ಯರು, ಮಾಡಿಕೊಳ್ಳದವರು ಕಿರಿಯರು. ಹಿರಿಯರ ಸಾಮಾನನ್ನು ಕಿರಿಯರು ಹೊರಬೇಕು. ಡಾಕ್ಟರೂ ಹೆಡ್‌ಮಿಸ್ಸೂ ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಂಡು ಎಂದೋ ಹಿರಿಯರಾಗಿದ್ದರು. ಟೆಲಿಸ್ಕೋಪು, ಅದರ ಮುಕ್ಕಾಲಿ, ಕಾಫಿ ಫ್ಲಾಸ್ಕು, ಹೆಡ್‌ಮಿಸ್ಸರ ಮಡಚುವ ಕುರ್ಚಿ ಎಲ್ಲವನ್ನೂ ಗುಮಾಸ್ತ ವರ್ಷಗಳಿಂದ ಹೊರುತ್ತಿದ್ದ. ಭಾವಮೈದುನನೂ ಕಿರಿಯನೇ, ಆದರೆ ಸೇರಿದ ದಿನವೇ ಅವನ ಸೊಂಟ ಉಳುಕಿತ್ತು. ಈ ಸೊಂಟದವನು ತನಗಿಂತ ಮೊದಲು ಹಿರಿಯನಾಗಿಬಿಟ್ಟರೆ ಏನು ಗತಿ? ಹೆಂಡತಿಯ ತಮ್ಮನ ಚೀಲ ಹೊತ್ತವನು ಹೆಂಡತಿಯ ಮುಂದೆ ತಲೆ ಎತ್ತುವುದುಂಟೆ? ಇದೇ ಚಿಂತೆಯಲ್ಲಿ ಗುಮಾಸ್ತನಿಗೆ ಅನ್ನ ಸೇರುತ್ತಿರಲಿಲ್ಲ.

ಆ ಭಾನುವಾರ ಉಳಿದವರು ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ಗುಮಾಸ್ತ ಮುಕ್ಕಾಲಿ ನೆಟ್ಟು ಟೆಲಿಸ್ಕೋಪಿಗೆ ಕಣ್ಣಿಟ್ಟ. ಎದುರಿಗೇ ಒಂದು ಪುಟ್ಟ ಗೊರವ. ಕಾಲುಗಳು ಕೊಡೆಯ ಕಡ್ಡಿಯಂತೆ ಕಪ್ಪು.

ಕೂಗಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಇವರ ಬುದ್ಧಿ ಅವನಿಗೆ ಗೊತ್ತಿತ್ತು. ಅವನು ಹೌದೆಂದದ್ದನ್ನು ಇವರು ಹೌದೆಂದ ದಾಖಲೆಯೇ ಇಲ್ಲ. ಒಮ್ಮೆ ಕಾಗೆಯನ್ನು ತೋರಿಸಿ ಕಾಗೆ ಎಂದಿದ್ದಕ್ಕೆ ಡಾಕ್ಟರು, ‘ಆತುರ ಬೇಡ ಗುಮಾಸ್ತ್ರೇ, ಕೊಕ್ಕು ನೋಡಿ’ ಎಂದು ಚರ್ಚೆಗೆ ಕೂತಿದ್ದರು; ಕೊನೆಗೆ ಕಾಗೆಗೇ ಬೇಸರವಾಗಿ ಹಾರಿಹೋಗಿತ್ತು. ಹಾಗಾದರೆ ತಿರುಗಾಮುರುಗಾ ಹೇಳಿದರೆ? ಗುಮಾಸ್ತನಿಗೆ ಉಪಾಯ ಹೊಳೆಯುತ್ತಿದ್ದುದು ಅಪರೂಪ. ಹೊಳೆದಾಗಲೆಲ್ಲ ಅದು ಅವನನ್ನು ಗುಂಡಿಗೆ ತಳ್ಳಿಯೇ ಹೋಗುತ್ತಿತ್ತು.

“ಏನೂ ಇಲ್ಲ ಸಾರ್,” ಎಂದು ಆಕಳಿಸಿದ. “ಒಂದು ಹಳದಿಗಾಲು ಇದೆ, ಅಷ್ಟೇ.”

“ನೀವು ಹೇಳಿಬಿಟ್ರೆ ಆಯ್ತೇನ್ರೀ?” ಡಾಕ್ಟರು ಲೋಟ ಕೆಳಗಿಟ್ಟರು. “ಬಾಯಿ ತೆರೆಸಿ ನೋಡದೆ ಹಲ್ಲು ಸರಿಯಾಗಿದೆ ಅನ್ನೋ ಜಾತಿ ನೀವು. ಸರೀರಿ ಆ ಕಡೆ.”

ಅಷ್ಟರಲ್ಲಿ ಭಾವಮೈದುನ ತನ್ನ ದುರ್ಬೀನು ಏರಿಸಿ ಚೀರಿದ. “ಭಾವಾ, ಕಣ್ಣಿಗೇನಾಗಿದೆ ನಿಮಗೆ? ಕಾಲು ಕಪ್ಪಗಿದೆ! ಸಾರ್, ಕರಿಗಾಲು!”

“ನಾನೂ ಅದನ್ನೇ ಹೇಳೋಕೆ ಹೊರಟಿದ್ದೆ,” ಎಂದರು ಡಾಕ್ಟರು.

“ಇಲ್ಲ ಸಾರ್, ನನಗೇನೋ ಹಳದಿ ಅನ್ಸುತ್ತೆ,” ಎಂದು ಗುಮಾಸ್ತ ಒಳಗೊಳಗೇ ಕುಣಿಯುತ್ತ ಗೊಣಗಿದ.

“ಅನ್ಸೋದು ಗಿನ್ಸೋದು ಇಲ್ಲಿ ಬೇಡ,” ಹೆಡ್‌ಮಿಸ್ ಕುರ್ಚಿಯಿಂದಲೇ ಗದರಿದರು. “ಕೊಕ್ಕು ನೋಡಿ, ನಿಂತಿರೋ ಠೀವಿ ನೋಡಿ. ಹಳದಿಗಾಲಿಗೆ ಈ ಠೀವಿ ಎಲ್ಲಿಂದ ಬರ್ಬೇಕು? ಕರಿಗಾಲೇ!”

ಗುಮಾಸ್ತ ಅಲ್ಲವೆಂದಷ್ಟೂ ಹಕ್ಕಿಯ ಕಾಲು ಕಪ್ಪಾಗುತ್ತಲೇ ಹೋಯಿತು. ಸಾಕಷ್ಟು ಕಪ್ಪಾಯಿತು ಎನಿಸಿದಾಗ ಅವನು ಸೋತವನಂತೆ ಕೈ ಮುಗಿದ. “ಆಯ್ತು ಸಾರ್, ಒಪ್ಪಿದೆ. ಕರಿಗಾಲೇ. ಅಂತೂ ನನ್ನ ಹೆಸರಿಗೂ ಒಂದು ಹಕ್ಕಿ ಆಯ್ತಲ್ಲ!”

“ನಿಮ್ಮ ಹೆಸರಿಗಾ?” ಎಂದರು ಡಾಕ್ಟರು.

“ಮೊದಲು ತೋರಿಸಿದ್ದು ನಾನಲ್ವಾ ಸಾರ್?”

“ತೋರಿಸೋದಕ್ಕೇನ್ರೀ, ಬೆರಳೊಂದಿದ್ರೆ ಸಾಕು. ಗುರುತಿಸೋದು ಮುಖ್ಯ. ಗುರುತಿಸಿದ್ದು ನಿಮ್ಮ ಭಾವಮೈದ.”

ಭಾವಮೈದುನ ಆಗಲೇ ಫೋನಿನಲ್ಲಿದ್ದ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಕೊಂಡು. “ಅಕ್ಕಾ, ನಾನು ಹಿರಿಯ ಸದಸ್ಯ ಆಗ್ತಿದೀನಿ!”

“ಅಯ್ಯೋ ನನ್ನ ರಾಜ!” ಎಂದಿತು ಫೋನು. “ನಿನ್ನ ಭಾವ ಏನ್ ಮಾಡ್ತಿದ್ರು?”

“ಭಾವ ಅದನ್ನ ಹಳದಿಗಾಲು ಅಂದ್ರು, ಅಕ್ಕ.”

“ಅವರಿಗೆ ಉಪ್ಪಿನ ಡಬ್ಬಿ ಯಾವ್ದು ಸಕ್ಕರೆ ಡಬ್ಬಿ ಯಾವ್ದು ಅಂತಾನೇ ಇನ್ನೂ ಗೊತ್ತಾಗಿಲ್ಲ. ಬಿಡು, ಪಾಪ.”

ಆ ‘ಪಾಪ’ ಗುಮಾಸ್ತನ ನೆತ್ತಿಗೇರಿತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಒಂದೇ ಸಲ ಹೊರಗೆ ಬಂತು.

“ಪಾಪ ಗೀಪ ಏನೂ ಬೇಡ! ಮೊದಲು ಕಂಡಿದ್ದೇ ನನಗೆ! ಕರಿಗಾಲು ಅಂತ ಆಗಲೇ ಗೊತ್ತಿತ್ತು! ನಿಮ್ಮೆಲ್ಲರ ಯೋಗ್ಯತೆ ನನಗೆ ಗೊತ್ತಿಲ್ವಾ? ನಾನು ಹೌದು ಅಂದ್ರೆ ನೀವು ಅಲ್ಲ ಅಂತೀರಿ. ಅದಕ್ಕೇ ಬೇಕಂತಲೇ ಹಳದಿಗಾಲು ಅಂದೆ!”

“ಅಂದ್ರೆ ಸುಳ್ಳು ಹೇಳಿದ್ರಿ?” ಹೆಡ್‌ಮಿಸ್ ಎದ್ದು ನಿಂತರು.

“ಹೇಳಿದೆ! ಏನೀಗ? ಅದು ಕರಿಗಾಲೇ! ಹಳದಿಗಾಲು ಅಂತ ಒಂದು ಕ್ಷಣವೂ ನನ್ನ ಮನಸ್ಸಿಗೆ ಬಂದಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ!”

ಈ ಅರಚಾಟಕ್ಕೆ ಹಕ್ಕಿ ಬೆದರಿತು. ಕೆಸರಿನಿಂದ ಟುಣುಕ್ಕನೆ ಹಾರಿ ಪಕ್ಕದ ನೀರಿನ ಗುಂಡಿಗಿಳಿಯಿತು. ಬಂದದ್ದಾಯಿತಲ್ಲ ಎಂದುಕೊಂಡಿತೋ ಏನೋ, ರೆಕ್ಕೆ ಬಡಿದು ಚೆನ್ನಾಗಿ ಸ್ನಾನ ಮಾಡಿತು. ಆಮೇಲೆ ಬಿಳಿ ಮರಳಿನ ಮೇಲೆ ಬಂದು ನಿಂತು ಮೈ ಕೊಡವಿತು.

ಕಾಲು ನಿಂಬೆಹಣ್ಣಿನ ಹಾಗೆ ಹಳದಿಯಾಗಿತ್ತು.

“ಸಾರ್, ಕಾಲು ಹಳದಿ!” ಭಾವಮೈದುನನ ಬಾಯಿ ಎಲ್ಲರಿಗಿಂತ ಮುಂದು. “ಕಪ್ಪಗಿದ್ದಿದ್ದು ಕೆಸರು!”

‘ಹಲೋ? ಏನಾಯ್ತೋ?’ ಎಂದು ಫೋನು ಒಂದೇ ಸಮನೆ ಕೇಳುತ್ತಿತ್ತು. ಗುಮಾಸ್ತ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಇಡೀ ಸಂಘದಲ್ಲಿ ಸರಿಯಾಗಿ ಹೇಳಿದವನು ಅವನೊಬ್ಬನೇ ಆಗಿರುತ್ತಿದ್ದ. ಆ ಸತ್ಯ ಅವನ ತಲೆಗೂ ಹೋಯಿತು, ಎಂದಿನಂತೆ ತಡವಾಗಿ.

“ನೋಡಿದ್ರಾ ಸಾರ್?” ಎಂದು ಹಲ್ಲುಕಿರಿದ. “ನಾನು ಮೊದಲೇ ಹಳದಿಗಾಲು ಅಂದಿದ್ನಲ್ಲ...”

“ನಾಚಿಕೆ ಆಗ್ಬೇಕು!” ಹೆಡ್‌ಮಿಸ್ಸರ ದನಿಗೆ ದೂರದ ಬಕಪಕ್ಷಿಗಳೂ ಎದ್ದವು. “ಉತ್ತರ ಗೊತ್ತಿಲ್ದೆ ತಪ್ಪು ಬರೆದೋರನ್ನ ನಾನು ಪಾಸು ಮಾಡಿದ್ದಿದೆ. ಸರಿ ಉತ್ತರ ಬರೆದು, ಆಮೇಲೆ ತಾವೇ ಹೊಡೆದು ಹಾಕಿದೋರಿಗೆ ಯಾವತ್ತೂ ಸೊನ್ನೆನೇ!”

“ಅದೂ ಅಲ್ದೆ ನಮ್ಮನ್ನೆಲ್ಲ ದಾರಿ ತಪ್ಪಿಸಿದ್ದು ಇವರೇ,” ಎಂದರು ಡಾಕ್ಟರು. ತಪ್ಪು ಇನ್ನೊಬ್ಬರ ತಲೆಗೆ ದಾಟಿದ್ದರಿಂದ ಅವರ ಮುಖ ಅರಳಿತ್ತು. ಭಾವಮೈದುನನ ಬೆನ್ನು ತಟ್ಟಿದರು. “ಕಾಲು ಯಾವ್ದು, ಕೆಸರು ಯಾವ್ದು ಅಂತ ಕಂಡುಹಿಡಿದ್ಯಲ್ಲಪ್ಪ, ಇಂಥ ಕಣ್ಣು ಕರಿಗಾಲಿಗಿಂತ ಅಪರೂಪ. ಇವತ್ತಿಂದ ನೀನು ಹಿರಿಯ ಸದಸ್ಯ.”

“ಅಕ್ಕಾ, ಆಗೇಬಿಟ್ಟೆ!” ಭಾವಮೈದುನ ಫೋನು ಜೇಬಿಗಿಳಿಸಿದ. ಆಗಲೇ ವಾಪಸು ಹೊರಡಲು ಮುಕ್ಕಾಲಿ, ಫ್ಲಾಸ್ಕು, ಕುರ್ಚಿ ಹೇರಿಕೊಂಡು ನಿಂತಿದ್ದ ಗುಮಾಸ್ತನನ್ನು ಸುತ್ತು ಹಾಕಿ ನೋಡಿದ. ಎಡಭುಜದಲ್ಲಿ ಒಂದಿಷ್ಟು ಜಾಗ ಕಂಡಿತು. ತನ್ನ ಚೀಲವನ್ನು ಅಲ್ಲಿಗೆ ಜೋಪಾನವಾಗಿ ನೇತುಹಾಕಿದ.

“ಮೆಲ್ಲಗೆ ಹೆಜ್ಜೆ ಇಡಿ ಭಾವ, ಒಳಗೆ ಗಾಜಿನ ಸಾಮಾನಿದೆ.”