ಹನ್ನೊಂದು ಗಂಟೆಯ ಶಟರು

ಎಲ್ಲಕ್ಕೂ ಕಾರಣ ಒಂದು ಚೀಟಿ. ಶಾಲೆಯ ಹದಿನಾಲ್ಕು ಗಡಿಯಾರಗಳೂ ನಿಂತುಹೋಗಿವೆ, ಅವುಗಳ ಕಾಯಂ ಉಸ್ತುವಾರಿಯ ಮಾತಾಡಲು ಬುಧವಾರ ಅಂಗಡಿಗೆ ಬರುತ್ತೇನೆ ಎಂದು ಹೆಡ್‌ಮಿಸ್ಟ್ರೆಸ್ ಬರೆದು ಕಳಿಸಿದ್ದರು. ಎಷ್ಟು ಗಂಟೆಗೆ ಎಂದು ಬರೆದಿರಲಿಲ್ಲ.

ಚೀಟಿ ಬಂದದ್ದು ಗಡಿಯಾರ ರಿಪೇರಿಯವನಿಗೆ. ಹಗಲೆಲ್ಲ ಗಡಿಯಾರದ ಮುಳ್ಳುಗಳೊಡನೆ ಗುದ್ದಾಡುವವನೆಂದು ಬೀದಿಯವರು ಅವನನ್ನು ಮುಳ್ಳಣ್ಣ ಎಂದು ಕರೆಯುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೆ 'ಬೆಳಿಗ್ಗೆ ಒಂಬತ್ತರಿಂದ' ಎಂದು ಬರೆಸಿ ಹನ್ನೆರಡು ವರ್ಷವಾಗಿತ್ತು. ಪ್ರತಿ ಸಂಜೆ ಶಟರು ಇಳಿಸುವಾಗಲೂ, ನಾಳೆಯಿಂದ ಒಂಬತ್ತೆಂದರೆ ಒಂಬತ್ತೇ ಎಂದು ಆತ ಶಪಥ ಮಾಡುತ್ತಿದ್ದ. ಮನಸ್ಸು ಅಪರಂಜಿ. ಆದರೆ ಬೆಳಗಾದರೆ ಮೂರು ಸಲ ಮಗ್ಗುಲು ಬದಲಿಸಿ, ಪತ್ರಿಕೆಯನ್ನು ಕಡೆಯ ಪುಟದವರೆಗೆ ಓದಿ, ಕನ್ನಡಕಕ್ಕಾಗಿ ಮನೆಯೆಲ್ಲ ತಡಕಾಡಿ, ಅದು ಹಣೆಯ ಮೇಲೆಯೇ ಇದೆಯೆಂದು ಹೆಂಡತಿಯಿಂದ ತಿಳಿದು ಹೊರಡುವ ಹೊತ್ತಿಗೆ ಒಂಬತ್ತು ಎಂದೋ ಕಳೆದಿರುತ್ತಿತ್ತು. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ.

ಹೆಂಡತಿ ಚೀಟಿಯನ್ನು ಎರಡು ಸಲ ಓದಿದಳು. "ಈ ಕೆಲಸ ಕೈತಪ್ಪಿದ್ರೆ ನನ್ನ ತಮ್ಮನ ಮರದ ಡಿಪೋನೇ ಗತಿ ನಿಮಗೆ. ಹಲಗೆ ಹೊರೋಕೆ ಜನ ಬೇಕು ಅಂತ ಅವನು ದಿನಾ ಕೇಳ್ತಾನೇ ಇದಾನೆ," ಎಂದಳು.

ಬುಧವಾರ ಪತ್ರಿಕೆ ಬೀರುವಿನೊಳಗೆ ಬಂದಿಯಾಯಿತು. ಕನ್ನಡಕಕ್ಕೆ ದಾರ ಕಟ್ಟಿ ಗಂಡನ ಕೊರಳಿಗೆ ತೂಗುಹಾಕಿದ್ದಾಯಿತು. ಮುಳ್ಳಣ್ಣ ಏದುಸಿರು ಬಿಡುತ್ತ ಓಡಿ, ಒಂಬತ್ತಕ್ಕೆ ಸರಿಯಾಗಿ ಶಟರನ್ನು ಗುಡುಗಿನ ಸದ್ದಿನೊಡನೆ ಮೇಲೆತ್ತಿದ. ಎದೆ ಹಿಗ್ಗಿ ಅಂಗಿಯ ಗುಂಡಿಗಳು ಹಾರುವಂತಾದವು.

ಎದುರಂಗಡಿಯ ಕ್ಷೌರಿಕ ಗಿರಾಕಿಯ ಒಂದು ಕೆನ್ನೆಯನ್ನಷ್ಟೇ ಮುಗಿಸಿದ್ದ. ಶಟರಿನ ಸದ್ದು ಕೇಳಿದ್ದೇ ಕತ್ತಿ ಮಡಿಸಿಟ್ಟು, ಟೀ ಕುಡಿದು ಬರುತ್ತೇನೆಂದು ಹೊರಟೇಹೋದ. ಗಿರಾಕಿ ಅರ್ಧ ನೊರೆಯೊಡನೆ, ಸುಣ್ಣ ಬಳಿಯುವಾತ ನಡುವೆ ಬಿಟ್ಟುಹೋದ ಗೋಡೆಯಂತೆ ಕುಳಿತಿದ್ದ. ಪಕ್ಕದ ಬೇಕರಿಯಾಕೆ ಒಲೆಯಿಂದ ಬ್ರೆಡ್ಡು ತೆಗೆದು, ಅದು ಇನ್ನೂ ಹಸಿ ಹಿಟ್ಟಾಗಿರುವುದನ್ನು ಕಂಡು ಒಲೆ ಮಾಡಿಕೊಟ್ಟವನ ವಂಶವನ್ನೆಲ್ಲ ಸ್ಮರಿಸತೊಡಗಿದಳು. ಎಲ್ಲರಿಗೂ ಇವತ್ತು ಏನಾಗಿದೆಯೆಂದು ಮುಳ್ಳಣ್ಣನಿಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಶಾಲೆಯ ಗಂಟೆ ಮೊಳಗಿತು. ಹರಿದ ಚೀಲದಿಂದ ಗೋಲಿಗಳು ಚೆಲ್ಲಿದಂತೆ ಮಕ್ಕಳು ಬೀದಿಗೆ ಬಂದರು. ಕೆಲವರು ಕುಣಿಯುತ್ತಿದ್ದರು, ಕೆಲವರು ಅಳುತ್ತಿದ್ದರು. ಅವರ ಹಿಂದೆಯೇ ಹೆಡ್‌ಮಿಸ್ಟ್ರೆಸ್ ನೆಟ್ಟಗೆ ಅಂಗಡಿಯತ್ತ ನಡೆದುಬಂದರು.

ಮುಳ್ಳಣ್ಣ ಎದ್ದು ಕುರ್ಚಿ ಒರೆಸಿದ. "ಬನ್ನಿ ಮೇಡಮ್. ನೋಡಿ, ಒಂಬತ್ತಕ್ಕೇ ತೆಗೆದಿದೀನಿ."

"ಅದೇ ಆಗಿರೋ ಅನಾಹುತ," ಎಂದರು ಅವರು. ಶಾಲೆಯ ಗಡಿಯಾರಗಳು ನಿಂತಂದಿನಿಂದ ಜವಾನ ಗೇಟಿನಲ್ಲಿ ನಿಂತು ಈ ಶಟರನ್ನೇ ನೋಡಿಕೊಂಡು ಹನ್ನೊಂದರ ಗಂಟೆ ಬಾರಿಸುತ್ತಿದ್ದನಂತೆ. ಎಂಟಕ್ಕೆ ಶುರುವಾದ ಮೂರು ಗಂಟೆಯ ಪರೀಕ್ಷೆ ಇವತ್ತು ಒಂದೇ ಗಂಟೆಗೆ ಮುಗಿದಿತ್ತು.

"ಮೇಷ್ಟ್ರುಗಳ ಕೈಯಲ್ಲಿ ವಾಚು ಇರಲಿಲ್ವಾ ಮೇಡಮ್?"

"ಎಲ್ಲರ ವಾಚೂ ನಿಮ್ಮ ಡ್ರಾಯರಿನಲ್ಲಿದೆ ಕಣ್ರೀ. ನಾಳೆ ಕೊಡ್ತೀನಿ ಅಂದಿದ್ರಲ್ಲ."

ಮುಳ್ಳಣ್ಣ ಡ್ರಾಯರನ್ನು ಮೊಣಕಾಲಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದ.

ಹೆಡ್‌ಮಿಸ್ಟ್ರೆಸ್ ಚೀಲದಿಂದ ಒಂದು ಲಕೋಟೆ ತೆಗೆದರು. "ಹನ್ನೆರಡು ವರ್ಷ ನೀವು ಹನ್ನೊಂದಕ್ಕೆ ಒಂದು ನಿಮಿಷ ಆಚೀಚೆ ಮಾಡಿದವರಲ್ಲ. ಇಷ್ಟು ನೇಮದ ಮನುಷ್ಯ ಈ ಬೀದಿಯಲ್ಲೇ ಇಲ್ಲ ಅಂತ ಕಮಿಟಿಯವರ ಜೊತೆ ಜಗಳ ಆಡಿ ಈ ಪತ್ರ ಮಾಡಿಸ್ಕೊಂಡಿದ್ದೆ." ಲಕೋಟೆ ತಿರುಗಿ ಚೀಲದೊಳಗೆ ಹೋಯಿತು.

ಇನ್ನು ಮೇಲೆ ದಿನವೂ ಒಂಬತ್ತಕ್ಕೇ ಬರುತ್ತೇನೆಂದು ಆತ ಅಂಗಲಾಚಿದ.

"ಬೇಡಪ್ಪಾ, ಬೇಡ. ನಾಳೆ ಎಂದಿನ ಹಾಗೆ ಹನ್ನೊಂದಕ್ಕೆ ಬಂದು ತೋರಿಸಿ. ಬಂದ್ರೆ ಪತ್ರ ನಿಮ್ಮದು."

ಮುಳ್ಳಣ್ಣನಿಗೆ ಹೋದ ಜೀವ ಮರಳಿ ಬಂತು. ಹನ್ನೆರಡು ವರ್ಷ ಸುಮ್ಮನೆ ನಡೆದದ್ದನ್ನು ಇನ್ನೊಂದು ದಿನ ನಡೆಸುವುದೇನು ಮಹಾ! ಆ ಸಂಜೆ ಶಟರು ಇಳಿಸುತ್ತ ಮನಸ್ಸು ಗಟ್ಟಿಮಾಡಿ, ನಾಳೆ ಹನ್ನೊಂದೆಂದರೆ ಹನ್ನೊಂದೇ ಎಂದು ಶಪಥ ಮಾಡಿದ.

ಮರುದಿನ ಆತ ಅಂಗಡಿ ತೆರೆದಾಗ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಬೀದಿಯಲ್ಲಿ ಎಲ್ಲರೂ ಹನ್ನೊಂದರ ಟೀಗೆ ಹೊರಟರು. ಹಲಗೆಯ ಗಾಡಿಯೊಡನೆ ಬಾಗಿಲಲ್ಲಿ ಕಾದಿದ್ದ ಬಾಮೈದನೊಬ್ಬನೇ ಕದಲಲಿಲ್ಲ.